ಎಲ್ಲರೂ ಹೊಗಳುವ ಗಾಯಕರ ದನಿ ನನಗೇಕೆ ಹಿಡಿಸುವುದಿಲ್ಲ? ಕೇಳಿ ಕೇಳಿ ಅಭ್ಯಾಸ ಮಾಡಿಕೊಳ್ಳಬೇಕಾ?

ಬೇಡ. ನಿಮ್ಮ ಕಿವಿಗೆ ಏನೂ ಆಗಿಲ್ಲ. ನನಗೂ ಇದೇ ಕಾಟವಿತ್ತು, ಅದರಿಂದ ಕೈಗೆ ಬಂದ ಕೆಲಸವೇ ಹೋಯಿತು.

ಆಗ ಹಾಡುಗಳ ಮಿಕ್ಸಿಂಗ್ ಮಾಡುತ್ತಿದ್ದೆ, ಅಂದರೆ ಬೇರೆ ಬೇರೆಯಾಗಿ ರೆಕಾರ್ಡ್ ಆದ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸ. ಹೆಸರುವಾಸಿ ಗಾಯಕರೊಬ್ಬರ ಹಾಡು ಬಂತು. ಅವರ ಕಂಠಕ್ಕೆ ಜನ ಪ್ರಾಣ ಬಿಡುತ್ತಿದ್ದರು. ನನಗೋ, ಅವರು ತಾರಸ್ಥಾಯಿಗೆ ಏರಿದಾಗಲೆಲ್ಲ ಕಿವಿಗೆ ಸೂಜಿ ಚುಚ್ಚಿದ ಹಾಗೆ. ಚುಚ್ಚುವ ಜಾಗ ಹುಡುಕಿದೆ. 3000 ಹರ್ಟ್ಜ್ (ಸೆಕೆಂಡಿಗೆ 3000 ಕಂಪನ) ಆಸುಪಾಸು. ದನಿಯ ಬೇಕಾದ ಭಾಗವನ್ನಷ್ಟೇ ಏರಿಸಿ ಇಳಿಸುವ ಈಕ್ವಲೈಸರ್‌ನಲ್ಲಿ ಅಲ್ಲಿ ಸದ್ದನ್ನು 6 ಡೆಸಿಬೆಲ್ ಇಳಿಸಿದೆ. ಹಾಯೆನಿಸಿತು.

ಎಡವಟ್ಟಾಗಿದ್ದು ಅಲ್ಲೇ. ವಾದ್ಯಗಳನ್ನೆಲ್ಲ ಮ್ಯೂಟ್ ಮಾಡಿ, ಬರೀ ದನಿ ಕೇಳಿಕೊಂಡು ಇಳಿಸಿದ್ದೆ. ಗಿಟಾರು, ಪಿಟೀಲು, ಡ್ರಮ್ಸ್ ಮತ್ತೆ ಸೇರಿದ ಮೇಲೆ ಗಾಯಕರು ಎಲ್ಲೋ ಹಿಂದೆ ನಿಂತುಬಿಟ್ಟರು. ತ, ಕ, ಚ ಒಂದೂ ಸ್ಪಷ್ಟವಿಲ್ಲ. ಸಾಹಿತ್ಯವೇ ಅರ್ಥವಾಗುತ್ತಿಲ್ಲ. ಸರಿ, ದನಿಯ ವಾಲ್ಯೂಮ್ ಏರಿಸಿದೆ. ಆಗ ಕೆಳಗಿನ ಗುಂಯ್‌ಗುಡುವ ಭಾಗವೂ ಜೊತೆಗೇ ಏರಿತು, ಇನ್ನಷ್ಟು ಮಬ್ಬಾಯಿತು. ಆದರೂ ಆ 6 ಡೆಸಿಬೆಲ್ ವಾಪಸ್ ಕೊಡಲು ನನಗೆ ಮನಸ್ಸಿಲ್ಲ! ಹಾಗೇ ಕಳಿಸಿದೆ. “ಇದು ಅವರ ದನಿಯೇ ಅಲ್ವಲ್ಲ” ಅಂದರು ಕೆಲಸ ಕೊಟ್ಟವರು, ಹಾಡನ್ನು ಬೇರೆಯವರಿಗೆ ಒಪ್ಪಿಸಿದರು.

ಮನುಷ್ಯರ ಕಿವಿ 2000ದಿಂದ 5000 ಹರ್ಟ್ಜ್ ನಡುವೆ ತುಂಬಾ ಚುರುಕು. ಒಪೆರಾ ಗಾಯಕರು ಮೈಕ್ ಇಲ್ಲದೆ ಇಡೀ ವಾದ್ಯವೃಂದವನ್ನು ಮೀರಿ ಕೇಳಿಸುತ್ತಾರಲ್ಲ, ಅದೂ ಬಹುಮಟ್ಟಿಗೆ 3000 ಹರ್ಟ್ಜ್ ಸುತ್ತಮುತ್ತ ಅವರ ದನಿಗಿರುವ ಕಸುವಿನಿಂದ. ನನ್ನನ್ನು ಚುಚ್ಚುತ್ತಿದ್ದದ್ದು, ಜನ ಒಂದೇ ಸಾಲು ಕೇಳಿ ಇವರೇ ಅಂತ ಗುರುತು ಹಿಡಿಯುತ್ತಿದ್ದದ್ದು, ಎರಡೂ ಒಂದೇ. ತೀರಾ ನುಣುಪಾದ ದನಿ ಯಾರಿಗೂ ತೊಂದರೆ ಕೊಡಲ್ಲ, ಯಾರ ನೆನಪಲ್ಲೂ ಉಳಿಯಲ್ಲ.

ಇನ್ನು ಅಭ್ಯಾಸದ ಮಾತು. ಪದೇ ಪದೇ ಎದುರಾದದ್ದು ಇಷ್ಟವಾಗತೊಡಗುತ್ತದೆ ಅಂತ ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯನ್ಸ್ 1968ರಲ್ಲೇ ತೋರಿಸಿದ್ದರು, ನಿಜ. ಆದರೆ ಮೊದಲೇ ಕಿರಿಕಿರಿ ಎನಿಸಿದ ದನಿಗೆ ಆ ಮದ್ದು ನಾಟುತ್ತದೆ ಅಂತ ನನಗೆ ನಂಬಿಕೆಯಿಲ್ಲ. ಅಷ್ಟಕ್ಕೂ ಯಾಕೆ ಇಷ್ಟವಾಗಲೇಬೇಕು? ಗಾಯಕರು ಚೆನ್ನಾಗಿ ಹಾಡುತ್ತಾರೆ ಅಂತ ಒಪ್ಪಿಕೊಂಡೂ ಹಾಡು ಬದಲಾಯಿಸಬಹುದು.

ಒಂದನ್ನು ಮಾತ್ರ ಪರೀಕ್ಷೆ ಮಾಡಿ. ನಿಮಗೆ ಹಿಡಿಸದಿರುವುದು ದನಿಯೋ, ಅದರ ಮೇಲೆ ಸ್ಟುಡಿಯೋದಲ್ಲಿ ಮಾಡಿದ ಕೆಲಸವೋ? 1997ರಲ್ಲಿ ಶ್ರುತಿ ತಿದ್ದುವ ಸಾಫ್ಟ್‌ವೇರ್ ಆಟೋಟ್ಯೂನ್ ಬಂದ ಮೇಲೆ ಶ್ರುತಿಯನ್ನು ಇಸ್ತ್ರಿ ಹಾಕಿದಷ್ಟು ನೆಟ್ಟಗೆ ಮಾಡುವುದು ಸಲೀಸಾಯಿತು. ದನಿಯ ಏರಿಳಿತ ತಗ್ಗಿಸುವ ಕಂಪ್ರೆಷನ್ ಜಾಸ್ತಿಯಾದರೆ ಪಿಸುಮಾತೂ ಕೂಗೂ ಒಂದೇ ಮಟ್ಟಕ್ಕೆ ಬರುತ್ತವೆ, ಕೇಳುವವರಿಗೆ ಸುಮ್ನೆ ಸುಸ್ತು. ಅದೇ ಗಾಯಕರು ಒಂದೆರಡು ವಾದ್ಯ ಇಟ್ಟುಕೊಂಡು ವೇದಿಕೆಯಲ್ಲಿ ಹಾಡಿದ್ದನ್ನು ಹುಡುಕಿ ಕೇಳಿ. ಅಲ್ಲೂ ಹಿಡಿಸದಿದ್ದರೆ ಬಿಟ್ಟುಬಿಡಿ. ಸ, ಶ ಬಂದಾಗ ಮಾತ್ರ ಚುಚ್ಚುತ್ತಿದ್ದರೆ, ಗಾಯಕರನ್ನು ಬಯ್ಯುವ ಮೊದಲು ಇಯರ್‌ಫೋನ್ ಬದಲಾಯಿಸಿ ನೋಡಿ.