ಪ್ಯಾಕೇಜ್ ಬೇಡ, ಇಟಲಿಗೆ ನಾವೇ ಹೋಗುತ್ತೇವೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಟೂರ್ ಕಂಪನಿಯ ಬಸ್ಸು ಹತ್ತದೆ ರೋಮ್, ಫ್ಲಾರೆನ್ಸ್, ವೆನಿಸ್ ನೋಡಿಬರಲು ಹೊರಟವರ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ದರಗಳೆಲ್ಲ ಯೂರೊದಲ್ಲಿವೆ. ಆಗಾಗ ಏರುವುದರಿಂದ ದುಡ್ಡು ಕಟ್ಟುವ ಮೊದಲು ಅಧಿಕೃತ ವೆಬ್‌ಸೈಟಿನಲ್ಲಿ ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ದಸರಾ ರಜೆಯಲ್ಲಿ ಒಂಬತ್ತು ರಾತ್ರಿ ಸಿಗುತ್ತದೆ. ರೋಮ್, ನೇಪಲ್ಸ್, ಫ್ಲಾರೆನ್ಸ್, ಪೀಸಾ, ಸಿಯೆನಾ, ವೆನಿಸ್, ಮಿಲಾನ್ ಏಳೂ ಮುಗಿಸಬಹುದೇ? (ಶಿವಮೊಗ್ಗ)

ಏಳು ರೈಲ್ವೆ ಸ್ಟೇಷನ್ ನೋಡಿ ಬರುವುದಾದರೆ ಮುಗಿಸಬಹುದು. ಊರು ಬದಲಿಸಿದ ದಿನ ಅರ್ಧ ದಿನ ಹೋಯಿತೆಂದೇ ಲೆಕ್ಕ. ಬೆಳಗ್ಗೆ ಹತ್ತಕ್ಕೆ ರೂಮ್ ಖಾಲಿ ಮಾಡಿಸುತ್ತಾರೆ, ಮುಂದಿನ ಊರಿನ ರೂಮ್ ಸಿಗುವುದು ಮಧ್ಯಾಹ್ನ ಎರಡೋ ಮೂರೋ ಆದಮೇಲೆ. ಒಂಬತ್ತು ರಾತ್ರಿಗೆ ಮೂರೇ ಊರು ಸಾಕು: ರೋಮ್‌ಗೆ ನಾಲ್ಕು, ಫ್ಲಾರೆನ್ಸ್‌ಗೆ ಮೂರು, ವೆನಿಸ್‌ಗೆ ಎರಡು. ವಿಮಾನದ ಟಿಕೆಟ್ಟನ್ನು ಹೋಗುವಾಗ ರೋಮ್‌ಗೆ, ಬರುವಾಗ ವೆನಿಸ್‌ನಿಂದ ಮಾಡಿಸಿ. ಬುಕಿಂಗ್ ತಾಣಗಳಲ್ಲಿ ಇದು ‘ಮಲ್ಟಿ ಸಿಟಿ’ ಎಂಬ ಆಯ್ಕೆಯಲ್ಲಿ ಸಿಗುತ್ತದೆ. ಮತ್ತೆ ರೋಮ್‌ಗೆ ವಾಪಸಾಗಲು ಬೇಕಾಗುವ ನಾಲ್ಕು ಗಂಟೆಯ ರೈಲು ಪ್ರಯಾಣ ಉಳಿಯುತ್ತದೆ.

ಯಾವ ವಾರ ಹೊರಡಬೇಕು ಎನ್ನುವುದಕ್ಕಿಂತ ವಾರದ ಯಾವ ದಿನ ಹೊರಡಬೇಕು ಎನ್ನುವುದು ಮುಖ್ಯ. ವ್ಯಾಟಿಕನ್ ಮ್ಯೂಸಿಯಂ ಭಾನುವಾರ ಮುಚ್ಚಿರುತ್ತದೆ. ತಿಂಗಳ ಕೊನೆಯ ಭಾನುವಾರ ಉಚಿತವಾಗಿ ತೆರೆದಿದ್ದರೂ ಆ ನೂಕುನುಗ್ಗಲಿಗೆ ಹೋಗದಿರುವುದೇ ಮೇಲು. ಫ್ಲಾರೆನ್ಸಿನ ಉಫೀಜಿ, ಡೇವಿಡ್ ವಿಗ್ರಹ ಇರುವ ಅಕಾದೆಮಿಯಾ, ರೋಮ್‌ನ ಬೋರ್ಗೆಸೆ ಗ್ಯಾಲರಿ, ಮೂರಕ್ಕೂ ಸೋಮವಾರ ರಜೆ. ಬುಧವಾರ ಬೆಳಗ್ಗೆ ಪೋಪ್ ಸಾರ್ವಜನಿಕ ದರ್ಶನ ಕೊಡುವುದರಿಂದ ಸೇಂಟ್ ಪೀಟರ್ಸ್ ಬೆಸಿಲಿಕಾ ಮಧ್ಯಾಹ್ನದವರೆಗೆ ಪ್ರವಾಸಿಗರಿಗೆ ತೆರೆಯುವುದಿಲ್ಲ.

ಇದನ್ನೆಲ್ಲ ಹೊಂದಿಸಿದರೆ ಬುಧವಾರ ರೋಮ್‌ನಲ್ಲಿ ಇಳಿಯುವುದು ಒಳ್ಳೆಯದು. ಗುರುವಾರ ಕೊಲೊಸಿಯಂ ಮತ್ತು ಪಕ್ಕದ ಫೋರಂ ಅವಶೇಷಗಳು, ಶುಕ್ರವಾರ ವ್ಯಾಟಿಕನ್, ಶನಿವಾರ ಬೋರ್ಗೆಸೆ ಮತ್ತು ಪ್ಯಾಂಥಿಯನ್. ಭಾನುವಾರ ಬೆಳಗ್ಗೆ ಫ್ಲಾರೆನ್ಸ್‌ಗೆ ರೈಲು, ಮಧ್ಯಾಹ್ನ ಅಕಾದೆಮಿಯಾ. ಎಲ್ಲ ಮುಚ್ಚಿರುವ ಸೋಮವಾರ ಸಿಯೆನಾ ಅಥವಾ ಪೀಸಾ, ಮಂಗಳವಾರ ಉಫೀಜಿ, ಬುಧವಾರ ವೆನಿಸ್, ಶುಕ್ರವಾರ ವಿಮಾನ. ಆ ಭಾನುವಾರ ತಿಂಗಳ ಮೊದಲನೆಯದಾಗಿದ್ದರೆ ಮಾತ್ರ ಎಚ್ಚರ: ಅಂದು ಸರ್ಕಾರಿ ಮ್ಯೂಸಿಯಂಗಳಿಗೆಲ್ಲ ಪುಕ್ಕಟೆ ಪ್ರವೇಶ, ಸಾಲು ಬೀದಿಯುದ್ದಕ್ಕೂ ನಿಂತಿರುತ್ತದೆ.

ಸಿಯೆನಾಕ್ಕೆ ರೈಲಿಗಿಂತ ಬಸ್ಸು ವಾಸಿ. ರೈಲು ಗುಡ್ಡದ ಬುಡದಲ್ಲಿ ಇಳಿಸುತ್ತದೆ. ಫ್ಲಾರೆನ್ಸ್ ಸ್ಟೇಷನ್ ಪಕ್ಕದಿಂದ ಹೊರಡುವ ವೇಗದ ಬಸ್ಸು ಸುಮಾರು ಒಂದೂಕಾಲು ಗಂಟೆಯಲ್ಲಿ ಹಳೇ ಊರಿನ ಅಂಚಿಗೇ ತಲುಪಿಸುತ್ತದೆ. ಪೀಸಾಕ್ಕೆ ರೈಲೇ ಸರಿ, ಒಂದು ಗಂಟೆ.

ಪ್ರಶ್ನೆ: ಮಗ ಮ್ಯೂನಿಕ್‌ನಲ್ಲಿದ್ದಾನೆ. ಅವನಲ್ಲಿ ಆರು ದಿನ ಇದ್ದು, ಒಟ್ಟಿಗೆ ಇಟಲಿಯಲ್ಲಿ ಒಂಬತ್ತು ದಿನ ತಿರುಗುವ ಯೋಚನೆ. ವೀಸಾ ಯಾರಲ್ಲಿ ಕೇಳಬೇಕು? (ಬೆಂಗಳೂರು)

ಇಟಲಿಯವರಲ್ಲಿ. ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಶೆಂಗೆನ್ ವೀಸಾಕ್ಕೆ ಹೆಚ್ಚು ದಿನ ಉಳಿಯುವ ದೇಶದವರಿಗೇ ಅರ್ಜಿ ಹಾಕಬೇಕು. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶದವರಿಗೆ. ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಇರುವ ನಿಮ್ಮ ಮಗನಿಗೆ ವೀಸಾ ಬೇಕಿಲ್ಲ. ಇದೇ ಪ್ರಶ್ನೆಯನ್ನು ಲಂಡನ್‌ನಿಂದ ಕೇಳಿದವರಿಗೆ: ಬ್ರಿಟನ್ ಶೆಂಗೆನ್‌ಗೆ ಸೇರಿಲ್ಲ, ಅಲ್ಲಿ ನೆಲೆಸಿರುವ ಭಾರತೀಯ ಪಾಸ್‌ಪೋರ್ಟಿನವರಿಗೆ ವೀಸಾ ಬೇಕೇ ಬೇಕು.

ಪ್ರಯಾಣಕ್ಕೆ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು, ಕೊನೇಪಕ್ಷ 15 ದಿನ ಮೊದಲಾದರೂ ಹಾಕಿರಬೇಕು. ದೊಡ್ಡವರಿಗೆ ಶುಲ್ಕ 90 ಯೂರೊ, ಆರರಿಂದ ಹನ್ನೊಂದು ವರ್ಷದ ಮಕ್ಕಳಿಗೆ 45. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸ್ ಹೊರಟ ದಿನದಿಂದ ಇನ್ನೂ ಮೂರು ತಿಂಗಳ ಅವಧಿ ಇರಬೇಕು, ಎರಡು ಪುಟ ಖಾಲಿ ಇರಬೇಕು. ಇನ್ಶೂರೆನ್ಸ್ ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚದ್ದು.

ಎಡವುವುದು ಸಾಮಾನ್ಯವಾಗಿ ತಾರೀಖಿನಲ್ಲಿ. ಹೋಟೆಲ್ ಬುಕಿಂಗ್‌ನಲ್ಲಿ ಒಂದು ರಾತ್ರಿ ಬಿಟ್ಟುಹೋಗಿರುತ್ತದೆ, ಅಥವಾ ವಾಪಸ್ ವಿಮಾನ ನಡುರಾತ್ರಿ ಕಳೆದು ಹೊರಡುವುದಾದರೂ ಇನ್ಶೂರೆನ್ಸ್ ಹಿಂದಿನ ದಿನಕ್ಕೇ ಮುಗಿದಿರುತ್ತದೆ. ಒಂದು ಹಾಳೆಯಲ್ಲಿ ತಾರೀಖು, ಊರು, ಮಲಗುವ ಜಾಗ, ಪ್ರಯಾಣ ಎಂದು ನಾಲ್ಕು ಗೆರೆ ಎಳೆದು ದಿನಕ್ಕೊಂದು ಸಾಲು ಬರೆಯಿರಿ. ಮ್ಯೂನಿಕ್‌ನ ದಿನಗಳಿಗೆ ಮಗನ ಆಹ್ವಾನ ಪತ್ರ, ಇಟಲಿಯ ದಿನಗಳಿಗೆ ರದ್ದು ಮಾಡಬಹುದಾದ ಹೋಟೆಲ್ ಬುಕಿಂಗ್ ಇಡಿ. ಖಾಲಿ ಬಿದ್ದ ಸಾಲು ನಿಮಗೆ ಕಾಣದಿದ್ದರೂ ವೀಸಾ ಅಧಿಕಾರಿಗೆ ಕಾಣುತ್ತದೆ.

ಇನ್ನೊಂದು ಹೊಸ ಸಂಗತಿ. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಬೆರಳಚ್ಚು, ಮುಖದ ಚಿತ್ರ ತೆಗೆದುಕೊಳ್ಳುವ ವ್ಯವಸ್ಥೆ ಶುರುವಾಗಿದೆ. ಮೊದಲ ಸಲ ಹೋದವರಿಗೆ ಸಮಯ ಹಿಡಿಯುತ್ತದೆ. ವಿಮಾನ ಇಳಿದು ಎರಡೇ ಗಂಟೆಗೆ ರಿಫಂಡ್ ಇಲ್ಲದ ರೈಲು ಟಿಕೆಟ್ ಮಾಡಿಸಬೇಡಿ.

ಪ್ರಶ್ನೆ: ಕೊಲೊಸಿಯಂ ಟಿಕೆಟ್ ಅಧಿಕೃತ ತಾಣದಲ್ಲಿ ಯಾವಾಗ ನೋಡಿದರೂ ಖಾಲಿ. ಬೇರೆ ಕಡೆ ಮೂರು ಪಟ್ಟು ಕೇಳುತ್ತಾರೆ. ಕೊಡಬೇಕೇ? (ಹುಬ್ಬಳ್ಳಿ)

ತಡೆಯಿರಿ. ನೀವು ನೋಡುತ್ತಿರುವುದು ತೀರ ಮುಂಚೆಯೋ, ತೀರ ತಡವೋ ಆಗಿರಬೇಕು. ಕೊಲೊಸಿಯಂನ ಟಿಕೆಟ್ ಬಿಡುವುದು ಭೇಟಿಯ ದಿನಕ್ಕೆ 30 ದಿನ ಮೊದಲು, ವ್ಯಾಟಿಕನ್ ಮ್ಯೂಸಿಯಂನದು 60 ದಿನ ಮೊದಲು. ಕ್ಯಾಲೆಂಡರಿನಲ್ಲಿ ಎರಡೂ ದಿನ ಗುರುತು ಹಾಕಿ. ನಮ್ಮ ಗಡಿಯಾರ ಬೇಸಿಗೆಯಲ್ಲಿ ಇಟಲಿಗಿಂತ ಮೂರೂವರೆ ಗಂಟೆ ಮುಂದೆ. ಅಕ್ಟೋಬರ್ ಕೊನೆಯ ಭಾನುವಾರದಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ ನಾಲ್ಕೂವರೆ ಗಂಟೆ. ಈ ಒಂದು ಗಂಟೆ ಮರೆತು ಟಿಕೆಟ್ ಕಳೆದುಕೊಳ್ಳುವುದುಂಟು.

ಕೊಲೊಸಿಯಂ ಟಿಕೆಟ್‌ನಲ್ಲಿ ಪ್ರತಿಯೊಬ್ಬರ ಹೆಸರೂ ಇರುತ್ತದೆ, ಬಾಗಿಲಲ್ಲಿ ಪಾಸ್‌ಪೋರ್ಟ್ ಜೊತೆ ತಾಳೆ ನೋಡುತ್ತಾರೆ. ಕಾಳಸಂತೆಯನ್ನು ತಡೆಯಲೆಂದು 2023ರಲ್ಲಿ ತಂದ ನಿಯಮ ಇದು. ನಮ್ಮಲ್ಲಿ ಇನಿಶಿಯಲ್ ಹಿಂದೆ ಮುಂದೆ ಆಗುವುದು ಮಾಮೂಲಿ, ಆದ್ದರಿಂದ ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡೇ ಟೈಪ್ ಮಾಡಿ. 18 ಯೂರೊದ ಸಾಮಾನ್ಯ ಟಿಕೆಟ್‌ನಲ್ಲಿ ಫೋರಂ ಮತ್ತು ಪ್ಯಾಲಟೈನ್ ಗುಡ್ಡವೂ ಸೇರಿದೆ. ನೆಲಮಾಳಿಗೆ ನೋಡುವವರು ಬೇರೆ ಟಿಕೆಟ್ ಕೊಳ್ಳಬೇಕು, ಅದೇ ಮೊದಲು ಮುಗಿಯುವುದು.

ಬೋರ್ಗೆಸೆಗೆ ಮುಂಗಡ ಬುಕಿಂಗ್ ಕಡ್ಡಾಯ. ಎರಡು ಗಂಟೆಯ ಅವಧಿ ಮುಗಿದ ಕೂಡಲೇ ಎಲ್ಲರನ್ನೂ ಹೊರಗೆ ಕಳಿಸುತ್ತಾರೆ. ಪ್ಯಾಂಥಿಯನ್‌ಗೆ 5 ಯೂರೊ. ಸೇಂಟ್ ಪೀಟರ್ಸ್ ಬೆಸಿಲಿಕಾ ಉಚಿತ, ಆದರೆ ಭುಜ ಮತ್ತು ಮಂಡಿ ಮುಚ್ಚುವ ಬಟ್ಟೆ ಇರಬೇಕು. ಒಂದು ದುಪಟ್ಟಾ ಚೀಲದಲ್ಲಿದ್ದರೆ ಸಾಕು. ಚಡ್ಡಿ ಹಾಕಿಕೊಂಡು ಹೋದ ಗಂಡಸರೇ ಹೆಚ್ಚಾಗಿ ಬಾಗಿಲಲ್ಲಿ ಪೇಚಾಡುತ್ತಾರೆ.

ಪ್ರಶ್ನೆ: ರೈಲಿನ ಟಿಕೆಟ್ ಮೊಬೈಲಿನಲ್ಲಿ ಮಾಡಿಸಿದ್ದೇವೆ. ಸ್ಟೇಷನ್‌ನಲ್ಲಿ ಏನಾದರೂ ತೊಡಕಿದೆಯೇ? (ಮಂಗಳೂರು)

ಮೊದಲ ತೊಡಕು ಬೋರ್ಡಿನಲ್ಲೇ. ರೋಮ್‌ನ ತೆರ್ಮಿನಿ ಸ್ಟೇಷನ್‌ನಲ್ಲಿ ನಿಂತು ‘ಫಿರೆಂಜೆ’ (ಫ್ಲಾರೆನ್ಸ್‌ನ ಇಟಾಲಿಯನ್ ಹೆಸರು) ಎಂದು ಹುಡುಕಿದರೆ ನಿಮ್ಮ ರೈಲು ಕಾಣುವುದಿಲ್ಲ. ಬೋರ್ಡಿನಲ್ಲಿ ದೊಡ್ಡದಾಗಿ ಬರುವುದು ರೈಲು ಕೊನೆಗೆ ತಲುಪುವ ಊರು, ಅಂದರೆ ಮಿಲಾನೊ, ವೆನೆಜಿಯಾ ಅಥವಾ ತೊರಿನೊ. ಟಿಕೆಟ್‌ನಲ್ಲಿರುವ ರೈಲಿನ ನಂಬರನ್ನು ಹೊರಡುವ ಸಮಯದ ಜೊತೆ ಹೊಂದಿಸಿ ನೋಡಿ. ಪ್ಲಾಟ್‌ಫಾರಂಗೆ ‘ಬಿನಾರಿಯೊ’ ಎನ್ನುತ್ತಾರೆ. ಆ ನಂಬರ್ ಹೊರಡುವ ಸ್ವಲ್ಪ ಮೊದಲಷ್ಟೇ ಬೀಳುತ್ತದೆ, ಗಾಬರಿ ಬೇಡ. ಗೋಡೆಯ ವೇಳಾಪಟ್ಟಿಯಲ್ಲಿ ಹಳದಿ ಹಾಳೆ ಹೊರಡುವ ರೈಲುಗಳದ್ದು, ಬಿಳಿ ಹಾಳೆ ಬರುವವುಗಳದ್ದು. ‘ಕರೊಜ್ಜಾ’ ಅಂದರೆ ಬೋಗಿ, ‘ಪೋಸ್ತೊ’ ಅಂದರೆ ಸೀಟು.

ಎರಡನೆಯದು ಸ್ಟೇಷನ್ ಹೆಸರು. ಫ್ಲಾರೆನ್ಸ್‌ಗೆ ‘ಸಾಂತಾ ಮರಿಯಾ ನೊವೆಲ್ಲಾ’, ವೆನಿಸ್‌ಗೆ ‘ಸಾಂತಾ ಲೂಚಿಯಾ’ ಎಂದೇ ಇರಬೇಕು. ‘ಮೆಸ್ತ್ರೆ’ ಇರುವುದು ನೀರಿನ ಈಚೆ, ಅಲ್ಲಿಂದ ದ್ವೀಪಕ್ಕೆ ಇನ್ನೂ ಹತ್ತು ನಿಮಿಷದ ರೈಲು.

ಫ್ರೆಚ್ಚರೊಸ್ಸಾ, ಇತಾಲೊ ಎಂಬ ವೇಗದ ರೈಲುಗಳಲ್ಲಿ ಸೀಟು ಗೊತ್ತಾಗಿರುತ್ತದೆ, ಹತ್ತಿ ಕೂತರಾಯಿತು. ರೋಮ್‌ನಿಂದ ಫ್ಲಾರೆನ್ಸ್‌ಗೆ ಒಂದೂವರೆ ಗಂಟೆ, ಅಲ್ಲಿಂದ ವೆನಿಸ್‌ಗೆ ಎರಡು ಗಂಟೆ ಹತ್ತು ನಿಮಿಷ. ಬೇಗ ಮಾಡಿಸಿದಷ್ಟೂ ಅಗ್ಗ. ಪೀಸಾದಂಥ ಊರಿಗೆ ಓಡುವ ‘ರೆಜೊನಾಲೆ’ ರೈಲಿನ ದರ ಮಾತ್ರ ಎಂದೂ ಒಂದೇ, ಅದನ್ನು ಅಂದೇ ಕೊಳ್ಳಿ. ಆದರೆ ಇದರ ಕಾಗದದ ಟಿಕೆಟ್ಟಿಗೆ ಪ್ಲಾಟ್‌ಫಾರಂ ಪಕ್ಕದ ಚಿಕ್ಕ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಂಡೇ ಹತ್ತಬೇಕು. ತುದಿಯನ್ನು ಒಳಗೆ ತೂರಿಸಿ ಎಡಕ್ಕೆ ಒತ್ತಿದರೆ ಕಿರ್ರೆಂದು ತಾರೀಖು, ಗಂಟೆ ಅಚ್ಚಾಗುತ್ತದೆ. ಅಚ್ಚು ಮಸುಕಾಗಿದ್ದರೆ ಇನ್ನೊಂದು ಯಂತ್ರಕ್ಕೆ ಹೋಗಿ. ಮೊಬೈಲ್ ಟಿಕೆಟ್ ಆದರೆ ಹತ್ತುವ ಮೊದಲು ಚೆಕ್-ಇನ್ ಒತ್ತಬೇಕು. ದುಡ್ಡು ಕೊಟ್ಟು ಕೊಂಡ ಟಿಕೆಟ್ ಕೈಯಲ್ಲಿದ್ದೂ ದಂಡ ಬೀಳುವುದು ಇಲ್ಲೇ.

ಮುಷ್ಕರಕ್ಕೆ ಅಲ್ಲಿ ‘ಶೋಪೆರೊ’ ಎನ್ನುತ್ತಾರೆ, ದಿನ ಮೊದಲೇ ಪ್ರಕಟವಾಗುತ್ತದೆ. ಕೆಲಸದ ದಿನಗಳಲ್ಲಿ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9 ರೆಜೊನಾಲೆ ರೈಲುಗಳು ಓಡಲೇಬೇಕೆಂಬ ನಿಯಮವಿದೆ.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ಅವಲಕ್ಕಿ ಹೊತ್ತುಕೊಂಡೇ ಹೋಗಬೇಕೇ? (ಉಡುಪಿ)

ಎರಡು ದಿನಕ್ಕಾಗುವಷ್ಟು ಒಯ್ಯಿರಿ, ಆದರೆ ಇಟಲಿಯಲ್ಲಿ ಉಪವಾಸ ಬೀಳುವ ಪ್ರಮೇಯ ಬರದು. ತಿಳಿಯಬೇಕಾದದ್ದು ಕಣ್ಣಿಗೆ ಕಾಣದ ಮಾಂಸ ಎಲ್ಲಿದೆ ಎಂಬುದು.

ಪಾಸ್ತಾದಿಂದ ಶುರು ಮಾಡೋಣ. ಒಣ ಸ್ಪಗೆಟ್ಟಿ, ಪೆನ್ನೆಗಳಿಗೆ ಗೋಧಿ ರವೆ ಮತ್ತು ನೀರು ಮಾತ್ರ. ಟಾಲ್ಯಾತೆಲ್ಲೆ, ರವಿಯೋಲಿ, ಲಸಾನ್ಯದಂಥ ತಾಜಾ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಸಾಸ್‌ನಲ್ಲಿ ಪೊಮೊದೊರೊ, ಅರಾಬ್ಯಾತಾ ನಿರಾತಂಕ. ಪುತ್ತನೆಸ್ಕಾದಲ್ಲಿ ಸಣ್ಣ ಮೀನು ಅರೆದಿರುತ್ತಾರೆ. ರೋಮ್‌ನ ಕರಿದ ಕುಂಬಳ ಜಾತಿಯ ಹೂವು ನಮ್ಮ ಬಜ್ಜಿಯಂತೆ ಕಂಡು ಕೈ ಚಾಚುವಂತೆ ಮಾಡುತ್ತದೆ, ಒಳಗೆ ಅದೇ ಮೀನು. ತರಕಾರಿ ಸೂಪ್ ಎಂದರೂ ನೀರು ಮಾಂಸದ ‘ಬ್ರೋದೊ’ ಆಗಿರಬಹುದು, ಕೇಳಿ. ಪಾನಾ ಕೋತಾದಲ್ಲಿ ಜೆಲಟಿನ್, ತಿರಾಮಿಸುವಿನಲ್ಲಿ ಮೊಟ್ಟೆ.

ಚೀಸಿನ ವಿಷಯ ಇನ್ನೂ ಸೂಕ್ಷ್ಮ. ಪಾರ್ಮೆಸಾನ್ ಮಾಡಲು ಹಾಲು ಒಡೆಸುವುದು ಕರುವಿನ ಜಠರದ ಕಿಣ್ವದಿಂದ, ಪೆಕೊರಿನೊ ರೊಮಾನೊಗೆ ಕುರಿಮರಿಯದು. ಇದು ಆಗದವರು ‘ಸೆನ್ಜಾ ಫೊರ್ಮಾಜ್ಜೊ’ ಎನ್ನಿ, ಚೀಸ್ ಬೇಡ ಎಂದರ್ಥ. ಪಿಜ್ಜಾದಲ್ಲಿ ಮರಿನಾರಾ ಕೇಳಿದರೆ ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ ಅಷ್ಟೇ. ‘ಸೆನ್ಜಾ ಕಾರ್ನೆ, ಸೆನ್ಜಾ ಪೆಶ್ಶೆ, ಸೆನ್ಜಾ ಉವೊವಾ’ ಎಂದರೆ ಮಾಂಸ, ಮೀನು, ಮೊಟ್ಟೆ ಮೂರೂ ಬೇಡ. ಇದನ್ನು ಇಟಾಲಿಯನ್‌ನಲ್ಲಿ ಚೀಟಿಯಲ್ಲಿ ಬರೆದಿಟ್ಟುಕೊಂಡು ತೋರಿಸುವುದು ಇನ್ನೂ ಸಲೀಸು. ಪೀಸಾದಲ್ಲಿ ‘ಚೆಚೀನಾ’ ಹುಡುಕಿ: ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು ಕಲಸಿ ದೊಡ್ಡ ತಟ್ಟೆಯಲ್ಲಿ ಒಲೆಗಿಟ್ಟು ಬೇಯಿಸಿದ್ದು. ನಮ್ಮ ನಾಲಿಗೆಗೆ ಪರಿಚಯ ಮಾಡಿಸಬೇಕಿಲ್ಲ.

ಹೋಟೆಲ್‌ಗಳ ಅಡುಗೆಮನೆ ಮಧ್ಯಾಹ್ನ ಎರಡೂವರೆಗೆ ಮುಚ್ಚಿದರೆ ಮತ್ತೆ ತೆರೆಯುವುದು ಏಳೂವರೆಗೆ. ಬಿಲ್‌ನಲ್ಲಿ ತಲೆಗೆ ಒಂದೆರಡು ಯೂರೊ ‘ಕೊಪೆರ್ತೊ’ ಎಂದು ಬಂದರೆ ಮೋಸವಲ್ಲ, ಕೂತದ್ದಕ್ಕೆ. ಕಾಫಿಯನ್ನು ನಮ್ಮ ದರ್ಶಿನಿಯಂತೆ ಕೌಂಟರಿನಲ್ಲಿ ನಿಂತೇ ಕುಡಿಯಿರಿ. ಟೇಬಲ್‌ಗೆ ತರಿಸಿದರೆ ಅದೇ ಕಾಫಿಗೆ ಬೇರೆ ರೇಟು.

ಪ್ರಶ್ನೆ: ಅಪ್ಪ ಅಮ್ಮನಿಗೆ ಮಂಡಿನೋವು. ಏನು ಬಿಡಬೇಕು, ಏನು ನೋಡಬಹುದು? (ಮೈಸೂರು)

ಫ್ಲಾರೆನ್ಸಿನ ಗುಮ್ಮಟ ಬಿಡಿ: 463 ಮೆಟ್ಟಿಲು, ಲಿಫ್ಟ್ ಇಲ್ಲ, ನಡುವೆ ಹಿಂತಿರುಗಲೂ ಕಷ್ಟ. ಪಕ್ಕದ ಗಂಟೆಗೋಪುರ 414, ಅದಕ್ಕೂ ಲಿಫ್ಟ್ ಇಲ್ಲ. ಸೇಂಟ್ ಪೀಟರ್ಸ್ ಗುಮ್ಮಟಕ್ಕೆ ಲಿಫ್ಟ್ ಇದೆ ಎಂಬ ಬೋರ್ಡು ನಂಬಿ ದುಡ್ಡು ಕೊಡಬೇಡಿ. 551ರಲ್ಲಿ 231 ಮಾತ್ರ ಉಳಿಯುತ್ತದೆ, ಮಿಕ್ಕ 320 ಹತ್ತಲೇಬೇಕು. ಮೇಲಿನಿಂದ ಊರು ನೋಡುವ ಆಸೆಯನ್ನು ವೆನಿಸ್‌ಗೆ ಇಟ್ಟುಕೊಳ್ಳಿ: ಸಾನ್ ಮಾರ್ಕೊ ಚೌಕದ ಗಂಟೆಗೋಪುರಕ್ಕೆ ಲಿಫ್ಟ್ ಇದೆ. ಕೊಲೊಸಿಯಂ, ಉಫೀಜಿಗಳಲ್ಲೂ ಇದೆ.

ರೂಮ್ ಹಿಡಿಯುವಾಗ ‘ಅಶೆನ್ಸೋರೆ’, ಅಂದರೆ ಲಿಫ್ಟ್, ಇದೆಯೇ ಎಂದು ಬರೆದು ಕೇಳಿ. ವೆನಿಸ್‌ನಲ್ಲಿ ಅಷ್ಟು ಸಾಲದು. ಅಲ್ಲಿನ ಬಹುತೇಕ ಸೇತುವೆಗಳಿಗೆ ಮೆಟ್ಟಿಲು, ಚಕ್ರದ ಸೂಟ್‌ಕೇಸನ್ನು ಪ್ರತಿ ಸಲ ಎತ್ತಬೇಕು. ದೋಣಿ-ಬಸ್ಸಾದ ವಪೊರೆತ್ತೊ ನಿಲ್ದಾಣದಿಂದ ರೂಮಿಗೆ ಎಷ್ಟು ಸೇತುವೆ ಎಂದು ನಕ್ಷೆಯಲ್ಲಿ ಎಣಿಸಿ. ಸೊನ್ನೆ ಇದ್ದರೆ ಸ್ವಲ್ಪ ಹೆಚ್ಚು ಬಾಡಿಗೆಯಾದರೂ ಹಿಡಿಯಿರಿ. ವಪೊರೆತ್ತೊಗೆ 75 ನಿಮಿಷಕ್ಕೆ 9.50, ಇಡೀ ದಿನಕ್ಕೆ 25 ಯೂರೊ. ದಿನಕ್ಕೆ ಮೂರು ಸಲ ಹತ್ತುವುದಾದರೆ ಪಾಸ್ ಲಾಭ. ಒಂದನೇ ನಂಬರಿನದು ಗ್ರ್ಯಾಂಡ್ ಕೆನಾಲ್ ಉದ್ದಕ್ಕೂ ನಿಂತು ನಿಂತು ಹೋಗುತ್ತದೆ. ಹಿರಿಯರಿಗೆ ಅದೇ ಒಂದು ಪ್ರವಾಸ.

ಪ್ರಶ್ನೆ: ವೆನಿಸ್ ಪ್ರವೇಶ ಶುಲ್ಕ ನಮಗೂ ಇದೆಯೇ? (ಬೆಳಗಾವಿ)

2024ರಲ್ಲಿ ಶುರುವಾದ ಈ ಶುಲ್ಕ ಹಗಲು ಬಂದು ಹೋಗುವವರಿಗೆ, ಅದೂ ಗೊತ್ತುಮಾಡಿದ ದಿನಗಳಲ್ಲಿ. ರಾತ್ರಿ ತಂಗುವವರಿಗೆ ಇಲ್ಲ, ಮೆಸ್ತ್ರೆಯಲ್ಲಿ ತಂಗಿದರೂ ಇಲ್ಲ. ಆದರೆ ಆ ದಿನಗಳಲ್ಲಿ ವಿನಾಯಿತಿಯನ್ನು ಆನ್‌ಲೈನ್‌ನಲ್ಲಿ ನೋಂದಾಯಿಸಿ ಕ್ಯೂಆರ್ ಕೋಡ್ ಇಟ್ಟುಕೊಂಡಿರಬೇಕು. ಹೋಟೆಲ್‌ನಲ್ಲಿ ತಲೆಗೆ, ರಾತ್ರಿಗೆ ಇಷ್ಟೆಂದು ವಸೂಲಿ ಮಾಡುವ ಊರ ತೆರಿಗೆ ಬೇರೆ, ಅದು ಮೂರೂ ಊರಲ್ಲಿದೆ.

ಪ್ರಶ್ನೆ: ಕಾರು ಬಾಡಿಗೆಗೆ ತೆಗೆದುಕೊಂಡರೆ? (ದಾವಣಗೆರೆ)

ಈ ಮೂರು ಊರಿಗೆ ಬೇಡ. ರೋಮ್, ಫ್ಲಾರೆನ್ಸಿನ ಹಳೇ ಪೇಟೆಗಳಿಗೆ ಪರವಾನಗಿ ಇಲ್ಲದ ವಾಹನ ಹೋಗುವಂತಿಲ್ಲ. ‘ಜೆಡ್‌ಟಿಎಲ್’ (ವಾಹನ ನಿರ್ಬಂಧಿತ ವಲಯ) ಬೋರ್ಡು ದಾಟಿದ ಕೂಡಲೇ ಕ್ಯಾಮೆರಾ ನಂಬರ್ ಪ್ಲೇಟ್ ತೆಗೆದುಕೊಳ್ಳುತ್ತದೆ, ದಂಡದ ಕಾಗದ ತಿಂಗಳುಗಳ ಮೇಲೆ ದಾವಣಗೆರೆಯ ಮನೆಗೇ ಬರುತ್ತದೆ. ವೆನಿಸ್‌ನಲ್ಲಂತೂ ಓಡಿಸಲು ರಸ್ತೆಯೇ ಇಲ್ಲ.