ಒಂದು ಸಲ ನೋಡೋಕೆ ಸರಿ, ಊಟಕ್ಕೆ?

ಕಾಲೇಜು ಊರಲ್ಲಿ ಸಿನಿಮಾ ನಟರೊಬ್ಬರು ದುಡ್ಡು ಹಾಕಿರುವ ರೆಸ್ಟೋರೆಂಟಿಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ, ಜೇಬಿಗೆ ಭಾರವಾಗುತ್ತಾ, ಕೂತು ಮಾತಾಡೋಕೆ ಆಗುತ್ತಾ ಅಂತ ಕೇಳಿದ್ದೀರಿ.

ಮಾತಾಡೋದು ಕಷ್ಟ. ಇಂಥ ಕಡೆ ಹೆಚ್ಚಾಗಿ ನೆಲ, ಗೋಡೆ, ಚಾವಣಿ ಎಲ್ಲಾ ಗಟ್ಟಿ. ಸದ್ದು ಹೀರಿಕೊಳ್ಳಲು ಪರದೆಯೂ ಇಲ್ಲ, ಕಾರ್ಪೆಟ್ಟೂ ಇಲ್ಲ. ಒಂದು ಟೇಬಲ್‌ನವರು ದನಿ ಏರಿಸಿದರೆ ಪಕ್ಕದವರೂ ಏರಿಸುತ್ತಾರೆ. ಅದರ ಮೇಲೆ ಹುಟ್ಟುಹಬ್ಬಕ್ಕೆ ಬಂದ ಹುಡುಗರ ಗುಂಪು ಬೇರೆ! ವಾರದ ನಡುವೆ, ಮಧ್ಯಾಹ್ನ ಹೋಗಿ. ಮೂಲೆ ಟೇಬಲ್ ಕೇಳಿ. ಘಟಿಕೋತ್ಸವದ ವಾರ ಮಾತ್ರ ಬೇಡವೇ ಬೇಡ.

ಬೆಲೆ ಸ್ವಲ್ಪ ಜಾಸ್ತಿಯೇ ಇರುತ್ತದೆ. ಆದರೆ ಬಿಲ್ ಏರುವುದು ಊಟಕ್ಕಿಂತ ಕುಡಿಯುವುದರಲ್ಲಿ, ಲಾಭ ಇರುವುದೂ ಅಲ್ಲೇ. ನೀರು ಸಾಕು ಅಂದರೆ ಅರ್ಧ ಚಿಂತೆ ಕಳೆಯಿತು. ನಟರು ಎದುರು ಸಿಗುತ್ತಾರೆ ಅಂತ ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ, ಎಷ್ಟೋ ಕಡೆ ಹೆಸರಷ್ಟೇ ಅವರದು. ಬರೀ ಹೆಸರಿನಿಂದ ರೆಸ್ಟೋರೆಂಟ್ ನಡೆಯೋದೂ ಇಲ್ಲ. ಶ್ವಾರ್ಜ್‌ನೆಗರ್, ಸ್ಟಲೋನ್, ಬ್ರೂಸ್ ವಿಲ್ಲಿಸ್‌ರಂಥ ಹಾಲಿವುಡ್ ನಟರು ಬೆನ್ನಿಗಿದ್ದ ಪ್ಲಾನೆಟ್ ಹಾಲಿವುಡ್ ಎಂಬ ರೆಸ್ಟೋರೆಂಟ್ ಸರಣಿಯೇ 1991ರಲ್ಲಿ ಶುರುವಾಗಿ 1999ರಲ್ಲಿ ದಿವಾಳಿ ಅರ್ಜಿ ಹಾಕಿತ್ತು. ಅಲ್ಲೇ ಓದುವ ಯಾರನ್ನಾದರೂ ಹಿಡಿದು, ಎರಡನೇ ಸಲ ಹೋದ್ರಾ ಅಂತ ಕೇಳಿ ನೋಡಿ.