ಓದುಗರ ಪ್ರಶ್ನೆಗೆ ಉತ್ತರ: ಗೇಮಿಂಗ್ ಡೆಸ್ಕ್‌ಟಾಪ್ ಮಾರಿ ಹ್ಯಾಂಡ್‌ಹೆಲ್ಡ್ ಕೊಳ್ಳಬಹುದೇ?

ಈ ಬಾರಿ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯವನ್ನು ಕುರಿತಿದ್ದವು: ಡೆಸ್ಕ್‌ಟಾಪ್‌ನ ಬದಲು ಹ್ಯಾಂಡ್‌ಹೆಲ್ಡ್, ಎಂದರೆ ಪರದೆಯೂ ಗುಂಡಿಗಳೂ ಒಂದರಲ್ಲಿಯೇ ಇದ್ದು ಕೈಯಲ್ಲಿ ಹಿಡಿದು ಆಡುವ ಪುಟ್ಟ ಗೇಮಿಂಗ್ ಕಂಪ್ಯೂಟರ್ ಸಾಕೇ ಎಂಬುದು. ಆದ್ದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನನ್ನ ಬಳಿ ರೈಜನ್ 5 5600 ಪ್ರೊಸೆಸರ್ ಮತ್ತು ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಇರುವ ಡೆಸ್ಕ್‌ಟಾಪ್ ಇದೆ. ಮಗು ಹುಟ್ಟಿದ ಮೇಲೆ ಕಂಪ್ಯೂಟರ್ ಇದ್ದ ಕೋಣೆ ಮಗುವಿನ ಕೋಣೆಯಾಗಿದೆ. ರಾತ್ರಿ ಅರ್ಧ ಮುಕ್ಕಾಲು ಗಂಟೆ ಬಿಡುವು ಸಿಕ್ಕರೆ ಅದೇ ಹೆಚ್ಚು. ಒಬ್ಬನೇ ಕುಳಿತು ಆಡುವ ಕಥಾಪ್ರಧಾನ ಆಟಗಳು ನನಗಿಷ್ಟ. ಆಫೀಸಿನ ಕೆಲಸಕ್ಕೆ ಕಂಪನಿಯ ಲ್ಯಾಪ್‌ಟಾಪ್ ಇದೆ. ಡೆಸ್ಕ್‌ಟಾಪ್ ಮಾರಿ ಹ್ಯಾಂಡ್‌ಹೆಲ್ಡ್ ಕೊಂಡರೆ ಮುಂದೆ ಪಶ್ಚಾತ್ತಾಪ ಪಡಬೇಕಾದೀತೇ?
— ಓದುಗರು, ರಾಜರಾಜೇಶ್ವರಿ ನಗರ, ಬೆಂಗಳೂರು

ಉತ್ತರ: ನಿಮ್ಮ ಮಟ್ಟಿಗೆ ಈ ಬದಲಾವಣೆ ಒಗ್ಗುವ ಸಾಧ್ಯತೆಯೇ ಹೆಚ್ಚು. ಆದರೆ ಸಾಮರ್ಥ್ಯದಲ್ಲಿ ನೀವು ಸಾಕಷ್ಟು ಕೆಳಗಿಳಿಯುತ್ತೀರಿ ಎಂಬುದನ್ನು ಮೊದಲೇ ಒಪ್ಪಿಕೊಂಡು ಹೊರಡುವುದು ಒಳ್ಳೆಯದು. ನಿಮ್ಮ ಗ್ರಾಫಿಕ್ಸ್ ಕಾರ್ಡ್ ಒಂದೇ 170 ವ್ಯಾಟ್‌ವರೆಗೆ ವಿದ್ಯುತ್ ಬಳಸುವಂಥದ್ದು. ವಾಲ್ವ್ ಕಂಪನಿ 2022ರಲ್ಲಿ ಹೊರತಂದ ಸ್ಟೀಮ್ ಡೆಕ್ ಎಂಬ ಹ್ಯಾಂಡ್‌ಹೆಲ್ಡ್‌ನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡೂ ಒಂದೇ ಚಿಪ್‌ನಲ್ಲಿದ್ದು, ಆ ಇಡೀ ಚಿಪ್‌ಗೆ ಗರಿಷ್ಠ 15 ವ್ಯಾಟ್ ಮಾತ್ರ ಸಿಗುತ್ತದೆ. ಆಸುಸ್‌ನ ಹ್ಯಾಂಡ್‌ಹೆಲ್ಡ್ ಆದ ಆರ್‌ಒಜಿ ಅಲೈ, ಚಾರ್ಜರ್‌ಗೆ ಜೋಡಿಸಿದಾಗ 30 ವ್ಯಾಟ್‌ವರೆಗೆ ಹೋಗಬಲ್ಲದು. ಅದೂ ನಿಮ್ಮ ಕಾರ್ಡಿನ ಹತ್ತಿರಕ್ಕೆ ಬರುವುದಿಲ್ಲ.

ಹಾಗಿದ್ದೂ ಈ ಸಾಧನಗಳಲ್ಲಿ ದೊಡ್ಡ ಆಟಗಳು ನಡೆಯುವುದಕ್ಕೆ ಮುಖ್ಯ ಕಾರಣ ಪರದೆ. ಡೆಕ್‌ನ ಪರದೆಯಲ್ಲಿ 1280×800, ಎಂದರೆ ಸುಮಾರು 10 ಲಕ್ಷ ಚುಕ್ಕೆಗಳಿವೆ. ಸಾಮಾನ್ಯ ಫುಲ್ ಎಚ್‌ಡಿ ಮಾನಿಟರ್‌ನಲ್ಲಿ ಅದರ ಎರಡರಷ್ಟು, 4ಕೆ ಟಿವಿಯಲ್ಲಿ ಎಂಟರಷ್ಟು. ಪ್ರತಿ ಫ್ರೇಮ್‌ಗೂ, ಎಂದರೆ ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರಕ್ಕೂ, ಲೆಕ್ಕ ಹಾಕಬೇಕಾದ ಚುಕ್ಕೆಗಳು ಕಡಿಮೆಯಾದಷ್ಟೂ ಚಿಪ್‌ನ ಹೊರೆ ಇಳಿಯುತ್ತದೆ. ಏಳು ಇಂಚಿನ ಪರದೆಯನ್ನು ಮೊಣಕೈ ಅಂತರದಲ್ಲಿ ಹಿಡಿದು ನೋಡುವಾಗ ನೆರಳಿನ ಅಂಚು ಒರಟಾಗಿರುವುದು, ದೂರದ ಮರಗಳ ಎಲೆ ಕಲಸಿಕೊಂಡಿರುವುದು ಕಣ್ಣಿಗೆ ಅಷ್ಟಾಗಿ ಬೀಳುವುದೂ ಇಲ್ಲ. ಇದೇ ಸಾಧನವನ್ನು ಡಾಕ್ ಎಂಬ ಜೋಡಣೆ ಪೆಟ್ಟಿಗೆಯ ಮೂಲಕ ಹಾಲ್‌ನ ದೊಡ್ಡ ಟಿವಿಗೆ ಜೋಡಿಸಿದರೆ ಮುಚ್ಚಿಟ್ಟ ಹುಳುಕೆಲ್ಲ ಹೊರಗೆ ಬರುತ್ತದೆ. ಆದ್ದರಿಂದ ‘ಬೇಕಾದಾಗ ಟಿವಿಗೆ ಹಾಕಿಕೊಂಡರಾಯಿತು, ಡೆಸ್ಕ್‌ಟಾಪ್‌ನ ಹಾಗೆಯೇ ಇರುತ್ತದೆ’ ಎಂಬ ಮಾರಾಟಗಾರರ ಮಾತನ್ನು ನಂಬಿ ಕೊಳ್ಳಬೇಡಿ. ಹಗುರವಾದ ಆಟಗಳಿಗೆ ಆ ಮಾತು ಸಲ್ಲುತ್ತದೆ, ಸೈಬರ್‌ಪಂಕ್ 2077ರಂಥ ಆಟಗಳಿಗೆ ಸಲ್ಲುವುದಿಲ್ಲ.

ಕೊಳ್ಳುವ ಮೊದಲು ನಿಮ್ಮ ಡೆಸ್ಕ್‌ಟಾಪ್‌ನಲ್ಲಿಯೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಮೌಸ್ ಮತ್ತು ಕೀಬೋರ್ಡ್ ಬದಿಗಿಟ್ಟು ಕಂಟ್ರೋಲರ್ ಜೋಡಿಸಿ. ಆಟದ ರೆಸಲ್ಯೂಷನ್ ಅನ್ನು 1280×720ಕ್ಕೆ ಇಳಿಸಿ, ಗ್ರಾಫಿಕ್ಸ್ ಗುಣಮಟ್ಟವನ್ನು ಕೆಳಗಿನ ಅಥವಾ ಮಧ್ಯಮ ಹಂತಕ್ಕೆ ತನ್ನಿ, ಫ್ರೇಮ್ ವೇಗಕ್ಕೆ ಸೆಕೆಂಡಿಗೆ 40ರ ಮಿತಿ ಹಾಕಿ. ಆಟವನ್ನು ಪೂರ್ತಿ ಪರದೆಗೆ ಹಿಗ್ಗಿಸದೆ ಚಿಕ್ಕ ಕಿಟಕಿಯಲ್ಲಿಯೇ ಇಟ್ಟುಕೊಂಡು ಒಂದೆರಡು ವಾರ ಆಡಿ. ನಲವತ್ತೇ ಏಕೆಂದರೆ, 30 ಫ್ರೇಮ್ ಇದ್ದಾಗ ಒಂದೊಂದು ಚಿತ್ರ ಸುಮಾರು 33 ಮಿಲಿಸೆಕೆಂಡು ನಿಲ್ಲುತ್ತದೆ, 60 ಇದ್ದಾಗ ಸುಮಾರು 17. 40ಕ್ಕೆ ಬರುವ 25 ಮಿಲಿಸೆಕೆಂಡು ಸರಿಯಾಗಿ ಇವೆರಡರ ನಡುವೆ ಬೀಳುವುದರಿಂದ ಹ್ಯಾಂಡ್‌ಹೆಲ್ಡ್ ಬಳಸುವವರಲ್ಲಿ ಬಹಳ ಮಂದಿ ಅಲ್ಲಿಯೇ ನಿಲ್ಲುತ್ತಾರೆ. ಈ ಪರೀಕ್ಷೆಯಲ್ಲಿ ನಿಮಗೆ ಕಿರಿಕಿರಿಯಾದರೆ ಅದು ಹ್ಯಾಂಡ್‌ಹೆಲ್ಡ್‌ನಲ್ಲಿಯೂ ಆಗುತ್ತದೆ. ಮುಖ್ಯವಾಗಿ ಅಕ್ಷರಗಳ ಗಾತ್ರವನ್ನು ಗಮನಿಸಿ. ಮಾನಿಟರ್‌ಗೆಂದು ವಿನ್ಯಾಸ ಮಾಡಿದ ಆಟಗಳ ಸಂಭಾಷಣೆಯೂ ಸಾಮಗ್ರಿಗಳ ಪಟ್ಟಿಯೂ ಏಳು ಇಂಚಿನಲ್ಲಿ ಇರುವೆ ಸಾಲಿನಂತೆ ಕಾಣುತ್ತವೆ. ನಲವತ್ತು ದಾಟಿದವರು ಚಾಳೀಸು ಹುಡುಕಬೇಕಾಗುತ್ತದೆ.

ನಿಮ್ಮ ಪತ್ರದಲ್ಲಿ ನಮ್ಮ ನಿರ್ಧಾರಕ್ಕೆ ಆಧಾರವಾದದ್ದು ಮಗುವಿನ ವಿಷಯ. ಸ್ಟೀಮ್ ಡೆಕ್‌ನಲ್ಲಿ ಆಟದ ನಡುವೆ ಪವರ್ ಗುಂಡಿ ಒತ್ತಿದರೆ ಸಾಧನ ನಿದ್ರಾಸ್ಥಿತಿಗೆ ಹೋಗುತ್ತದೆ. ಮಗುವನ್ನು ಮಲಗಿಸಿ ಬಂದು ಮತ್ತೆ ಒತ್ತಿದರೆ, ಎತ್ತಿದ ಕತ್ತಿ ಎತ್ತಿದಲ್ಲಿಯೇ ಇರುತ್ತದೆ. ಡೆಸ್ಕ್‌ಟಾಪ್ ಆನ್ ಮಾಡಿ, ಅಪ್‌ಡೇಟ್ ಮುಗಿಸಿ, ಹಿಂದೆ ಉಳಿಸಿದ ಜಾಗಕ್ಕೆ ತಲುಪುವ ಹೊತ್ತಿಗೆ ಮುಗಿದುಹೋಗುವ ನಿಮ್ಮ ಅರ್ಧ ಗಂಟೆ ಇಲ್ಲಿ ಪೂರ್ತಿ ಆಟಕ್ಕೆ ಸಿಗುತ್ತದೆ. ಆರ್‌ಒಜಿ ಅಲೈಯಂಥ ವಿಂಡೋಸ್ ಇರುವ ಸಾಧನಗಳು ಈ ವಿಷಯದಲ್ಲಿ ಅಷ್ಟು ನಂಬಿಕೆಗೆ ಅರ್ಹವಾಗಿಲ್ಲ. ನಿದ್ರೆಯಿಂದ ಏಳುವಾಗ ಆಟ ಮುಚ್ಚಿಹೋಗುವುದು, ಚೀಲದಲ್ಲಿದ್ದಾಗಲೇ ತಾನಾಗಿ ಎದ್ದು ಬ್ಯಾಟರಿ ಖಾಲಿ ಮಾಡಿಕೊಳ್ಳುವುದು ಅವುಗಳ ಹಳೆಯ ಚಾಳಿ. 2025ರ ಅಕ್ಟೋಬರ್‌ನಲ್ಲಿ ಬಂದ ಎಕ್ಸ್‌ಬಾಕ್ಸ್ ಅಲೈಯಲ್ಲಿ, ವಿಂಡೋಸ್‌ನ ಮಾಮೂಲಿ ಡೆಸ್ಕ್‌ಟಾಪ್ ತೆರೆಯದೆ ನೇರವಾಗಿ ಆಟಗಳ ಪಟ್ಟಿಗೆ ಹೋಗುವ ವ್ಯವಸ್ಥೆ ಬಂದಿರುವುದರಿಂದ ಪರಿಸ್ಥಿತಿ ಸುಧಾರಿಸಿದೆ.

ಡೆಸ್ಕ್‌ಟಾಪ್ ಮಾರುವಾಗ ಅವಸರ ಬೇಡ. ಹೊಸ ಸಾಧನ ಬಂದ ಮೇಲೂ ಒಂದು ತಿಂಗಳು ಅದನ್ನು ಬಟ್ಟೆ ಹೊದಿಸಿ ಇಟ್ಟಿರಿ. ಆ ಅವಧಿಯಲ್ಲಿ ಎಷ್ಟು ಸಲ ಅದನ್ನು ಆನ್ ಮಾಡಿದಿರಿ, ಯಾವ ಕೆಲಸಕ್ಕೆ ಮಾಡಿದಿರಿ ಎಂಬುದನ್ನು ನೋಡಿಕೊಂಡರೆ ನಿರ್ಧಾರ ಸುಲಭವಾಗುತ್ತದೆ. ವಾಲ್ವ್‌ನ ಆನ್‌ಲೈನ್ ಆಟದ ಮಳಿಗೆಯಾದ ಸ್ಟೀಮ್‌ನಲ್ಲಿ ಕೊಂಡ ಆಟಗಳು ನಿಮ್ಮ ಖಾತೆಯ ಜೊತೆಗೇ ಬರುತ್ತವೆ. ಆದರೆ ಆಡಿ ಉಳಿಸಿದ ಹಂತಗಳು ಎಲ್ಲ ಆಟಗಳಲ್ಲೂ ಕ್ಲೌಡ್‌ಗೆ ಹೋಗುವುದಿಲ್ಲವಾದ್ದರಿಂದ, ಡಿಸ್ಕ್ ಅಳಿಸುವ ಮೊದಲು ಒಂದೊಂದನ್ನೂ ಪರಿಶೀಲಿಸಿ. 2025ರ ಕೊನೆಯಿಂದ ಮೆಮೊರಿಯ ಬೆಲೆ ವಿಪರೀತ ಏರಿರುವುದರಿಂದ ನಿಮ್ಮ ಹಳೆಯ ರ್‍ಯಾಮ್‌ಗೂ ಎಸ್‌ಎಸ್‌ಡಿಗೂ ಒಳ್ಳೆಯ ಗಿರಾಕಿ ಇದೆ. ಇಡೀ ಪೆಟ್ಟಿಗೆಯನ್ನು ಒಟ್ಟಿಗೆ ಒಂದು ಬೆಲೆಗೆ ಕೊಟ್ಟುಬಿಡುವ ಮುನ್ನ ಬಿಡಿಬಿಡಿಯಾಗಿ ಎಷ್ಟು ಬರುತ್ತದೆಂದು ವಿಚಾರಿಸಿ.

ಪ್ರಶ್ನೆ: ಮಗ ಎಂಜಿನಿಯರಿಂಗ್ ಮೊದಲ ವರ್ಷಕ್ಕೆ ಸೇರಿ ಹಾಸ್ಟೆಲ್‌ಗೆ ಹೋಗುತ್ತಿದ್ದಾನೆ. ಮನೆಯ ಡೆಸ್ಕ್‌ಟಾಪ್ ಮಾರಿ ತನಗೆ ಹ್ಯಾಂಡ್‌ಹೆಲ್ಡ್ ಕೊಡಿಸಿ, ಅದೂ ಕಂಪ್ಯೂಟರೇ, ಓದಿಗೂ ಆಗುತ್ತದೆ ಎನ್ನುತ್ತಾನೆ. ಅವನು ಹೆಚ್ಚಾಗಿ ಆಡುವುದು ವ್ಯಾಲೊರಂಟ್. ನಾನು ಅದೇ ಡೆಸ್ಕ್‌ಟಾಪ್‌ನಲ್ಲಿ ನುಡಿ ತಂತ್ರಾಂಶ ಮತ್ತು ಟ್ಯಾಲಿ ಬಳಸುತ್ತೇನೆ. ಏನು ಮಾಡಲಿ?
— ಓದುಗರು, ದಾವಣಗೆರೆ

ಉತ್ತರ: ಅದೂ ಕಂಪ್ಯೂಟರೇ ಎಂಬ ನಿಮ್ಮ ಮಗನ ಮಾತು ನಿಜ. ಆದರೂ ಅವನಿಗೆ ಅದನ್ನು ಕೊಡಿಸಬೇಡಿ ಎಂದೇ ನಮ್ಮ ಸಲಹೆ, ಮತ್ತು ಅದಕ್ಕೆ ಮೊದಲ ಕಾರಣ ಅವನ ಓದಲ್ಲ, ಅವನ ಆಟವೇ.

ಸ್ಟೀಮ್ ಡೆಕ್‌ನಲ್ಲಿರುವುದು ಲಿನಕ್ಸ್ ಆಧಾರಿತ ಸ್ಟೀಮ್‌ಓಎಸ್. ವಿಂಡೋಸ್‌ಗೆಂದು ಬರೆದ ಆಟಗಳನ್ನು ಅದರ ಮೇಲೆ ನಡೆಸಲು ಪ್ರೋಟಾನ್ ಎಂಬ ಮಧ್ಯವರ್ತಿ ತಂತ್ರಾಂಶವಿದ್ದು, ವಾಲ್ವ್ ಅದನ್ನು 2018ರಲ್ಲಿ ಬಿಡುಗಡೆ ಮಾಡಿತು. ಅದು ಅಚ್ಚರಿಯೆನಿಸುವಷ್ಟು ಆಟಗಳನ್ನು ನಡೆಸುತ್ತದೆ. ಆದರೆ ವ್ಯಾಲೊರಂಟ್ ಆಟದಲ್ಲಿ ಮೋಸ ತಡೆಯಲು ಇರುವ ವ್ಯಾನ್‌ಗಾರ್ಡ್ ತಂತ್ರಾಂಶ ವಿಂಡೋಸ್‌ನ ತೀರ ಒಳಪದರಕ್ಕೆ ಇಳಿದು ಕಾವಲು ಕಾಯುವಂಥದ್ದಾದ್ದರಿಂದ, ವಿಂಡೋಸೇ ಇಲ್ಲದ ಕಡೆ ಆಟ ತೆರೆಯುವುದೇ ಇಲ್ಲ. ಫೋರ್ಟ್‌ನೈಟ್ ಕೂಡ ಅಲ್ಲಿ ನಡೆಯದು. ಅಪೆಕ್ಸ್ ಲೆಜೆಂಡ್ಸ್ ಮೊದಲು ನಡೆಯುತ್ತಿತ್ತು, 2024ರಲ್ಲಿ ಅದರ ತಯಾರಕರು ಲಿನಕ್ಸ್‌ನ ಬಾಗಿಲು ಮುಚ್ಚಿದರು. ಇಂದು ನಡೆಯುವ ಆನ್‌ಲೈನ್ ಆಟ ನಾಳೆಯೂ ನಡೆಯುತ್ತದೆಂಬ ಭರವಸೆ ಇಲ್ಲವೆಂಬುದನ್ನು ಈ ಪ್ರಸಂಗ ತೋರಿಸಿಕೊಟ್ಟಿತು. ಇನ್ನು ವಿಂಡೋಸ್ ಇರುವ ಹ್ಯಾಂಡ್‌ಹೆಲ್ಡ್ ಕೊಂಡರೆ ವ್ಯಾಲೊರಂಟ್ ತೆರೆಯುತ್ತದೆಯಾದರೂ, ಪಿಸಿಯಲ್ಲಿ ಆ ಆಟಕ್ಕೆ ಕಂಟ್ರೋಲರ್ ಬೆಂಬಲವೇ ಇಲ್ಲ. ಕೀಬೋರ್ಡ್, ಮೌಸ್, ಮಾನಿಟರ್ ಎಲ್ಲವನ್ನೂ ಹಾಸ್ಟೆಲ್‌ಗೆ ಹೊತ್ತೊಯ್ದು ಜೋಡಿಸಿಕೊಳ್ಳುವುದಾದರೆ ಕೈಯಲ್ಲಿ ಹಿಡಿಯುವ ಸಾಧನ ಕೊಂಡ ಉದ್ದೇಶ ಎಲ್ಲಿ ಉಳಿಯಿತು?

ಪ್ರೋಗ್ರಾಂ ಬರೆಯಲು, ಡ್ರಾಯಿಂಗ್ ಮಾಡಲು, ಲ್ಯಾಬ್ ರೆಕಾರ್ಡ್ ಟೈಪ್ ಮಾಡಲು ಅವನಿಗೆ ಬೇಕಾಗಿರುವುದು ಲ್ಯಾಪ್‌ಟಾಪ್. ಹ್ಯಾಂಡ್‌ಹೆಲ್ಡ್‌ಗೆ ಕೊಡುವ ಹಣಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವ ಸಾಧಾರಣ ಗೇಮಿಂಗ್ ಲ್ಯಾಪ್‌ಟಾಪ್ ಸಿಗುವ ಸಂಭವವಿದೆ. ಅದರಲ್ಲಿ ಅವನ ಆಟವೂ ನಡೆಯುತ್ತದೆ. ನಿಮ್ಮ ಡೆಸ್ಕ್‌ಟಾಪ್ ನಿಮ್ಮ ಬಳಿಯೇ ಇರಲಿ. ನುಡಿ, ಟ್ಯಾಲಿ ಎರಡೂ ವಿಂಡೋಸ್‌ನಲ್ಲಿ ಸರಾಗವಾಗಿ ಸಾಗುತ್ತಿರುವಾಗ ಅವನ್ನು ಕದಲಿಸುವ ಅಗತ್ಯವಿಲ್ಲ.

ಪ್ರಶ್ನೆ: ನಮ್ಮಲ್ಲಿ ಬೇಸಿಗೆಯಲ್ಲಿ ಕರೆಂಟ್ ಹೋಗುವುದು ಹೆಚ್ಚು, ಬಿಸಿಲೂ ವಿಪರೀತ. ಡೆಸ್ಕ್‌ಟಾಪ್‌ಗಿಂತ ಹ್ಯಾಂಡ್‌ಹೆಲ್ಡ್ ಅನುಕೂಲವಲ್ಲವೇ?
— ಓದುಗರು, ರಾಯಚೂರು

ಉತ್ತರ: ಕರೆಂಟಿನ ಮಟ್ಟಿಗೆ ಅನುಕೂಲ, ಬಿಸಿಲಿನ ಮಟ್ಟಿಗೆ ಅಲ್ಲ.

ಆಟ ನಡೆಯುವಾಗ ಮಧ್ಯಮ ದರ್ಜೆಯ ಡೆಸ್ಕ್‌ಟಾಪ್ ಮಾನಿಟರ್ ಸೇರಿ 300 ವ್ಯಾಟ್ ಎಳೆಯುತ್ತದೆಂದು ಹಿಡಿದರೆ, ನಾಲ್ಕು ಗಂಟೆಗೆ 1.2 ಯೂನಿಟ್ ಆಗುತ್ತದೆ. 25 ವ್ಯಾಟ್ ಎಳೆಯುವ ಹ್ಯಾಂಡ್‌ಹೆಲ್ಡ್‌ಗೆ ಅಷ್ಟೇ ಹೊತ್ತಿಗೆ 0.1 ಯೂನಿಟ್ ಸಾಕು. ಬಿಲ್‌ನಲ್ಲಿ ಉಳಿಯುವ ಹಣ ದೊಡ್ಡದಲ್ಲ. ಮನೆಯ ಇನ್ವರ್ಟರ್ ಮೇಲೆ ನಿರಾತಂಕವಾಗಿ ಚಾರ್ಜ್ ಮಾಡಬಹುದು ಎಂಬುದೇ ನಿಮಗೆ ನಿಜವಾದ ಲಾಭ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂಬುದಕ್ಕೆ ಜಾಹೀರಾತು ನೋಡಬೇಕಿಲ್ಲ, ಭಾಗಾಕಾರ ಗೊತ್ತಿದ್ದರೆ ಸಾಕು. 2023ರ ನವೆಂಬರ್‌ನಲ್ಲಿ ಬಂದ ಒಎಲ್‌ಇಡಿ ಪರದೆಯ ಡೆಕ್‌ನ ಬ್ಯಾಟರಿ 50 ವ್ಯಾಟ್-ಗಂಟೆಯದು. ಭಾರಿ ಆಟದಲ್ಲಿ ಇಡೀ ಸಾಧನ 25 ವ್ಯಾಟ್ ಎಳೆದರೆ ಎರಡು ಗಂಟೆ, ಸ್ಟಾರ್ಡ್ಯೂ ವ್ಯಾಲಿಯಂಥ ಹಗುರ ಆಟದಲ್ಲಿ 8–9 ವ್ಯಾಟ್ ಎಳೆದರೆ ಐದೂವರೆ ಆರು ಗಂಟೆ. ಮೊದಲ ಆರ್‌ಒಜಿ ಅಲೈಯಲ್ಲಿ 40 ವ್ಯಾಟ್-ಗಂಟೆಯ ಬ್ಯಾಟರಿ ಮಾತ್ರ ಇದ್ದು, ಪೂರ್ತಿ ವೇಗದಲ್ಲಿ ಓಡಿಸಿದರೆ ಒಂದು ಗಂಟೆ ದಾಟುವುದೇ ಕಷ್ಟವಾಗಿತ್ತು. 2024ರ ಅಲೈ ಎಕ್ಸ್‌ನಲ್ಲಿ ಅದನ್ನು 80ಕ್ಕೆ ಏರಿಸಿದರು.

ಬಿಸಿಲಿನ ವಿಷಯಕ್ಕೆ ಬಂದರೆ, ಸ್ಟೀಮ್ ಡೆಕ್‌ಗೆ ಸೂಕ್ತವಾದ ಸುತ್ತಲಿನ ಉಷ್ಣಾಂಶ 0ರಿಂದ 35 ಡಿಗ್ರಿ ಎಂದು ವಾಲ್ವ್ ಕಂಪನಿಯೇ ಹೇಳಿದೆ. ಚಿಪ್‌ನ ಶಾಖ 100 ಡಿಗ್ರಿ ಮುಟ್ಟಿದರೆ ವೇಗ ತಾನಾಗಿ ಇಳಿಯುತ್ತದೆ, 105ಕ್ಕೆ ಸಾಧನ ಆರಿಹೋಗುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ನಿಮ್ಮೂರಿನ ಮಧ್ಯಾಹ್ನ ನೆರಳಿನಲ್ಲಿಯೇ 40 ಡಿಗ್ರಿ ಇರುವಾಗ ಕರೆಂಟ್ ಹೋಗಿ ಫ್ಯಾನ್ ನಿಂತ ಕೋಣೆಯಲ್ಲಿ ಭಾರಿ ಆಟ ಹಾಕುವುದು ಸರಿಯಲ್ಲ. ವೇಗ ಕುಗ್ಗುವುದು ಆ ಹೊತ್ತಿನ ತೊಂದರೆ ಅಷ್ಟೇ. ಬ್ಯಾಟರಿಯ ಆಯಸ್ಸು ಮಾತ್ರ ಒಮ್ಮೆ ಕುಗ್ಗಿದರೆ ತಿರುಗಿ ಬಾರದು. ಚಿಪ್‌ನ ವಿದ್ಯುತ್ ಮಿತಿಯನ್ನು ಸೆಟ್ಟಿಂಗ್‌ನಲ್ಲಿ 8–10 ವ್ಯಾಟ್‌ಗೆ ಇಳಿಸಿಕೊಳ್ಳಿ. ಸಾಧನ ಬಹುಪಾಲು ಚಾರ್ಜರ್‌ಗೆ ಜೋಡಿಸಿಯೇ ಇರುವುದಾದರೆ ಚಾರ್ಜ್ 80 ಪ್ರತಿಶತಕ್ಕೆ ನಿಲ್ಲುವಂತೆ ಮಿತಿ ಹಾಕಿ. ಡೆಕ್ ಮತ್ತು ಅಲೈ ಎರಡರಲ್ಲೂ ಈ ಸೌಲಭ್ಯವಿದೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಂತೂ ಬಿಟ್ಟುಹೋಗಲೇಬೇಡಿ.

ಪ್ರಶ್ನೆ: ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹೊರದೇಶದಿಂದ ತರಿಸಿದ ಸ್ಟೀಮ್ ಡೆಕ್ ಕೊಡುತ್ತೇವೆ ಎನ್ನುತ್ತಾರೆ. ಕೊಳ್ಳಬಹುದೇ?
— ಓದುಗರು, ತುಮಕೂರು

ಉತ್ತರ: ವಾಲ್ವ್ ಭಾರತದಲ್ಲಿ ಈ ಸಾಧನವನ್ನು ನೇರವಾಗಿ ಮಾರುತ್ತಿಲ್ಲ. ಆದ್ದರಿಂದ ಇಲ್ಲಿ ಸಿಗುವುದೆಲ್ಲ ಯಾರೋ ತರಿಸಿದ ಮಾಲು, ಅದಕ್ಕೆ ತಯಾರಕರ ವಾರಂಟಿ ಇಲ್ಲಿ ನಡೆಯುವುದಿಲ್ಲ. ಅಂಗಡಿಯವರು ತಾವೇ ವಾರಂಟಿ ಕೊಡುತ್ತೇವೆಂದರೆ ಅದನ್ನು ಜಿಎಸ್‌ಟಿ ಬಿಲ್‌ನ ಮೇಲೆ ಬರೆಸಿಕೊಳ್ಳಿ. ಬಾಯಿಮಾತಿನ ವಾರಂಟಿಗೆ ಬೆಲೆಯಿಲ್ಲ. ಅಂಗಡಿಯಲ್ಲಿಯೇ ಆನ್ ಮಾಡಿಸಿ ಎರಡೂ ಜಾಯ್‌ಸ್ಟಿಕ್‌ಗಳನ್ನು ಕೈಬಿಟ್ಟು ನೋಡಿ: ಮುಟ್ಟದಿದ್ದರೂ ಪರದೆಯ ಮೇಲೆ ಗುರುತು ಮೆಲ್ಲಗೆ ಸರಿಯುತ್ತಿದ್ದರೆ ಅದು ಸವೆದ ಸ್ಟಿಕ್, ಬೇರೆಯವರು ಬಳಸಿದ ಸಾಧನವಿರಬಹುದು. ಅಧಿಕೃತ ಬಿಲ್ ಮತ್ತು ಸರ್ವಿಸ್ ಬೇಕೆಂದಾದರೆ ಆಸುಸ್, ಲೆನೊವೊ ಮೊದಲಾದವರ ಸಾಧನಗಳತ್ತ ನೋಡಿ. ಆರ್‌ಒಜಿ ಅಲೈ 2023ರಲ್ಲಿ ಭಾರತಕ್ಕೆ ಬಂದಾಗ ಅದರ ಬೆಲೆ 69,990 ರೂಪಾಯಿ ಇತ್ತು. ಪ್ರಾಮಾಣಿಕವಾಗಿ ಹೇಳುವುದಾದರೆ ಸ್ಟೀಮ್‌ಓಎಸ್‌ನ ಸೊಗಸು ನಮಗೆ ಹೆಚ್ಚು ಪ್ರಿಯ, ಆದರೂ ಕೆಟ್ಟರೆ ಎಲ್ಲಿಗೆ ಒಯ್ಯಬೇಕೆಂದು ಗೊತ್ತಿರುವ ಸಾಧನವನ್ನೇ ಕೊಳ್ಳಿ ಎನ್ನುತ್ತೇವೆ.

ಪ್ರಶ್ನೆ: ಡೆಸ್ಕ್‌ಟಾಪ್ ಇಟ್ಟುಕೊಂಡೇ ಅದರ ಆಟಗಳನ್ನು ಹಾಸಿಗೆಯ ಮೇಲೆ ಕೂತು ಆಡುವ ದಾರಿ ಇದೆಯೇ?
— ಓದುಗರು, ಧಾರವಾಡ

ಉತ್ತರ: ಇದೆ. ಸ್ಟೀಮ್‌ನ ರಿಮೋಟ್ ಪ್ಲೇ, ಅಥವಾ ಡೆಸ್ಕ್‌ಟಾಪ್‌ನಲ್ಲಿ ಸನ್‌ಶೈನ್ ಮತ್ತು ಕೈಯಲ್ಲಿನ ಸಾಧನದಲ್ಲಿ ಮೂನ್‌ಲೈಟ್ ಎಂಬ ಉಚಿತ ತಂತ್ರಾಂಶಗಳನ್ನು ಹಾಕಿಕೊಂಡರೆ, ಆಟ ಡೆಸ್ಕ್‌ಟಾಪ್‌ನಲ್ಲಿ ನಡೆದು ಚಿತ್ರ ಮಾತ್ರ ವೈಫೈ ಮೂಲಕ ನಿಮ್ಮ ಕೈಗೆ ಬರುತ್ತದೆ. ಡೆಸ್ಕ್‌ಟಾಪ್ ಅನ್ನು ರೌಟರ್‌ಗೆ ತಂತಿಯಿಂದಲೇ ಜೋಡಿಸಿ. ಅದೂ ವೈಫೈ, ಇದೂ ವೈಫೈ ಆದರೆ ಚಿತ್ರ ತಡವರಿಸುತ್ತದೆ. ಕೈಯಲ್ಲಿರುವ ಸಾಧನ 5 ಗಿಗಾಹರ್ಟ್ಸ್ ಜಾಲದಲ್ಲಿರಲಿ. ಆ ತರಂಗ ದಪ್ಪ ಗೋಡೆ ದಾಟುವಾಗ ಬಹಳ ಸೊರಗುವುದರಿಂದ, ಕಲ್ಲಿನ ಗೋಡೆಯ ಹಳೆಯ ಮನೆಯಾಗಿದ್ದರೆ ಮಲಗುವ ಕೋಣೆಗೆ ವೈಫೈ ಹರಡುವ ಇನ್ನೊಂದು ಆಕ್ಸೆಸ್ ಪಾಯಿಂಟ್ ಬೇಕಾದೀತು. ಇದಕ್ಕಾಗಿ ಮೊದಲೇ ಹ್ಯಾಂಡ್‌ಹೆಲ್ಡ್ ಕೊಳ್ಳಬೇಕಾಗಿಯೂ ಇಲ್ಲ. ನಿಮ್ಮ ಆಂಡ್ರಾಯ್ಡ್ ಫೋನ್‌ನಲ್ಲಿ ಸ್ಟೀಮ್ ಲಿಂಕ್ ಆ್ಯಪ್ ಹಾಕಿ, ಫೋನನ್ನು ನಡುವೆ ಸಿಕ್ಕಿಸಿಕೊಳ್ಳುವ ಕಂಟ್ರೋಲರ್ ಒಂದನ್ನು ಸ್ನೇಹಿತರಿಂದ ತಂದು ಪ್ರಯತ್ನಿಸಿ. ಅಷ್ಟರಿಂದಲೇ ನಿಮಗೆ ತೃಪ್ತಿಯಾದರೆ ಉಳಿದ ಹಣದಲ್ಲಿ ಡೆಸ್ಕ್‌ಟಾಪ್‌ಗೆ ಹೊಸ ಗ್ರಾಫಿಕ್ಸ್ ಕಾರ್ಡನ್ನೇ ಹಾಕಿಸಬಹುದು.